ಸತ್ತವರ ಸಾಲಿನಲ್ಲಿ ಅವ್ವನ ಫೋಟೋ

ನಾನು ಹಾಸನದ ಒಂದು ಗಾರ್ಮೆಂಟ್ಸ್‌ನಲ್ಲಿ ಸೂಪರ್‌ವೈಸರ್. ನಮ್ಮ ಕಂಪನಿಯವರು ಮೆಕ್ಸಿಕೋ ದೇಶದ ಕಾಂಪೆಚೆ ಅನ್ನುವ ಕಡಲತೀರದ ಊರಿನಲ್ಲಿ ಹೊಸ ಫ್ಯಾಕ್ಟರಿ ತೆರೆದಾಗ, ಅಲ್ಲಿನ ಹೆಂಗಸರಿಗೆ ಶರ್ಟಿನ ಕಾಲರ್ ಕೂರಿಸುವುದನ್ನು ಕಲಿಸಲು ಕೆಲವು ತಿಂಗಳ ಮಟ್ಟಿಗೆ ನನ್ನನ್ನು ಕಳಿಸಿದರು. ಹೊಳೆನರಸೀಪುರದ ಮನೆಗೆ ಬೀಗ ಹಾಕಿ, ಅವ್ವನನ್ನು ಚನ್ನರಾಯಪಟ್ಟಣದ ಅಕ್ಕನ ಮನೆಯಲ್ಲಿ ಬಿಟ್ಟು ಹೊರಟೆ.

ಅಪ್ಪ ತೀರಿಕೊಂಡ ಮೇಲೆ ಬಂದ ಮೊದಲ ಪಿತೃಪಕ್ಷಕ್ಕೆ ನಾನು ಊರಲ್ಲಿರಲಿಲ್ಲ. ನಾವು ಇಬ್ಬರೇ ಹೆಣ್ಣುಮಕ್ಕಳು. ಎಡೆಯನ್ನು ಅಕ್ಕನೇ ಇಟ್ಟಳು. ವಿಡಿಯೋ ಕಾಲ್‌ನಲ್ಲಿ ತೋರಿಸಿದಳು: ಬಾಳೆಲೆಯ ಮೇಲೆ ಮುದ್ದೆ, ಕೋಳಿಸಾರು, ವಡೆ, ಪಕ್ಕದಲ್ಲಿ ಹೊಸ ಪಂಚೆ, ಒಂದು ಕಟ್ಟು ಬೀಡಿ. ಅಲ್ಲಿ ಸಂಜೆ, ನನಗೆ ಬೆಳಗಿನ ಹೊತ್ತು. ಅವರು ಬಾಗಿಲು ಮುಂದೆ ಮಾಡಿ ಹಿರಿಯರನ್ನು ಕರೆಯುವಷ್ಟರಲ್ಲಿ ನನ್ನ ಫ್ಯಾಕ್ಟರಿ ಬಸ್ಸು ಬಂದು ಹಾರ್ನ್ ಹೊಡೆಯಿತು. ಫೋನ್ ಇಟ್ಟು ಓಡಿದೆ. ಅವತ್ತು ದಿನವೆಲ್ಲ ಹೊಲಿಗೆ ಮೆಷಿನ್ನುಗಳ ನಡುವೆ ಓಡಾಡುತ್ತ, ಅಪ್ಪ ಬಂದಿದ್ದರೆ ಮನೆಯಲ್ಲಿ ಯಾರ್‍ಯಾರಿದ್ದಾರೆ ಅಂತ ನೋಡಿರುತ್ತಾರಲ್ಲವೇ ಅಂದುಕೊಂಡೆ.

ನಾನು ಬಾಡಿಗೆಗಿದ್ದ ಮನೆಯ ಒಡತಿಗೆ ಅರವತ್ತು ದಾಟಿತ್ತು. ಗಂಡ ಮೀನು ಹಿಡಿಯುತ್ತಿದ್ದವನು, ತೀರಿಹೋಗಿ ಬಹಳ ಕಾಲವಾಗಿತ್ತು. ಆಕೆಗೆ ಇಂಗ್ಲಿಷ್ ಬಾರದು, ನನಗೆ ಸ್ಪ್ಯಾನಿಷ್ ಬಾರದು. ಕೈಸನ್ನೆ, ನಗು, ಇಲ್ಲವೆಂದರೆ ಫೋನಿನಲ್ಲಿ ಮಾತು ಬದಲಿಸಿಕೊಡುವ ಆಪ್. ಅಷ್ಟರಲ್ಲೇ ನಮ್ಮ ಸಂಸಾರ ಸಾಗುತ್ತಿತ್ತು. ನಾನು ಮಾಡಿದ ಚಿತ್ರಾನ್ನವನ್ನು ಆಕೆ ನಿಂಬೆಹಣ್ಣಿನ ಅನ್ನ ಎಂದು ಬೀದಿಯವರಿಗೆಲ್ಲ ಹಂಚಿಬಂದಿದ್ದಳು.

ಅಕ್ಟೋಬರ್ ಕೊನೆಗೆ ಬೀದಿಯಲ್ಲಿ ಎಲ್ಲಿ ನೋಡಿದರೂ ಚೆಂಡುಹೂ. ಮನೆಯೊಡತಿ ನಡುಮನೆಯಲ್ಲಿ ಮೇಜಿಟ್ಟು ಬಿಳಿ ಬಟ್ಟೆ ಹಾಸಿದಳು. ಗಂಡನ ಫೋಟೋ, ಅವಳ ಅಪ್ಪ ಅಮ್ಮನ ಫೋಟೋ, ಮೇಣದ ಬತ್ತಿ, ಒಂದು ಲೋಟ ನೀರು, ಗಂಡನಿಗೆ ಇಷ್ಟವಿದ್ದ ಸಿಗರೇಟು. ನಾನು ಮೆಟ್ಟಿಲ ಮೇಲೆ ನಿಂತೇ ನೋಡಿದೆ. ಇದನ್ನು ನನಗೆ ಯಾರೂ ವಿವರಿಸಬೇಕಾಗಿರಲಿಲ್ಲ. ಎಡೆ ಅಂದರೆ ಎಡೆಯೇ.

ಆಕೆ ನನ್ನತ್ತ ತಿರುಗಿ, ನಿನಗೆ ಯಾರಿದ್ದಾರೆ ಎಂದು ಕೇಳಿದಳು. ಅಪ್ಪ ಇಲ್ಲ ಅಂದೆ. ಅಮ್ಮ? ಅವ್ವ ಇಲ್ಲಿಲ್ಲ, ದೂರ ಇದ್ದಾಳೆ ಅಂದೆ. ಫೋನು ಅದನ್ನು ಏನೆಂದು ಹೇಳಿತೋ, ಆಕೆ ನನ್ನ ಕೆನ್ನೆ ಸವರಿದಳು. ಫೋಟೋ ಕೇಳಿದಳು. ನನ್ನ ಫೋನಿನಲ್ಲಿ ಅಪ್ಪನ ಒಳ್ಳೆಯ ಫೋಟೋ ಇದ್ದದ್ದು ಒಂದೇ. ಅರಕಲಗೂಡಿನ ಒಂದು ಮದುವೆಯಲ್ಲಿ ಅಪ್ಪ ಅವ್ವ ಅಕ್ಕಪಕ್ಕ ಕುರ್ಚಿಯಲ್ಲಿ ಕೂತಿದ್ದು, ಅಪ್ಪನ ಕೈ ಅವ್ವನ ಹೆಗಲ ಮೇಲೆ. ಅದನ್ನೇ ಆಕೆಯ ಫೋನಿಗೆ ಕಳಿಸಿದೆ. ಅಪ್ಪನನ್ನು ಮಾತ್ರ ಕತ್ತರಿಸಿಕೊಳ್ಳುತ್ತಾಳೆ ಅಂದುಕೊಂಡಿದ್ದೆ. ಆಕೆ ಇಬ್ಬರ ಮುಖದ ಮೇಲೂ ಬೆರಳಿಟ್ಟು ಹೆಸರು ಕೇಳಿದಳು. ಹೆತ್ತವರ ಹೆಸರು ಕೇಳುವವರು ಆ ಊರಲ್ಲಿ ಯಾರಿದ್ದರು? ಸಂತೋಷದಿಂದ ಇಬ್ಬರದೂ ಹೇಳಿದೆ.

ಸತ್ತವರ ಹಬ್ಬದ ದಿನ ಸಂಜೆ ಕೆಲಸ ಮುಗಿಸಿ ಬಂದಾಗ ಮನೆ ತುಂಬ ಜನ. ಬಾಳೆಲೆಯಲ್ಲಿ ಸುತ್ತಿ, ನೆಲದ ಗುಂಡಿಯಲ್ಲಿ ಕೆಂಡದ ಮೇಲೆ ಬೇಯಿಸಿದ ಜೋಳದ ಹಿಟ್ಟಿನ ದಪ್ಪ ಕಡುಬು, ಒಳಗೆ ಕೋಳಿ. ಸುಟ್ಟ ಬಾಳೆಲೆಯ ವಾಸನೆಗೆ ನನಗೆ ಬಾಯಲ್ಲಿ ನೀರೂ ಬಂತು, ಕಣ್ಣಲ್ಲೂ ಬಂತು. ಆಮೇಲೆ ಮೇಜಿನತ್ತ ನೋಡಿದೆ. ಚೌಕಟ್ಟು ಹಾಕಿಸಿದ ಫೋಟೋದಲ್ಲಿ ಅಪ್ಪ, ಪಕ್ಕದಲ್ಲಿ ಅವ್ವ. ಇಬ್ಬರಿಗೂ ಸೇರಿಸಿ ಒಂದೇ ಚೆಂಡುಹೂವಿನ ಹಾರ. ಇಬ್ಬರ ಮುಂದೆ ಒಂದೊಂದು ಬತ್ತಿ.

ತಪ್ಪಾಗಿದೆ ಎಂದು ಆಗಲೇ ಹೇಳಬೇಕಿತ್ತು. ಅಷ್ಟರಲ್ಲಿ ಪ್ರಾರ್ಥನೆ ಹೇಳುವ ಮುದುಕಿ ಶುರುಮಾಡಿಬಿಟ್ಟಿದ್ದಳು. ಮನೆಯೊಡತಿ ನನ್ನನ್ನು ತನ್ನ ಪಕ್ಕ, ಎಲ್ಲರ ಮುಂದೆ ನಿಲ್ಲಿಸಿಕೊಂಡಳು. ಮುದುಕಿ ಒಬ್ಬೊಬ್ಬ ಸತ್ತವರ ಹೆಸರು ಕೂಗುವುದು, ಅವರಿಗೆ ಶಾಂತಿ ಸಿಗಲಿ ಎಂದು ಎಲ್ಲರೂ ಒಟ್ಟಿಗೆ ಹೇಳುವುದು. ಅಪ್ಪನ ಹೆಸರು ಬಂತು. ನಾಲಗೆ ತಿರುಗದೆ ತಡವರಿಸಿದರೂ ಭಕ್ತಿಯಿಂದ ಹೇಳಿದಳು. ಅದರ ಹಿಂದೆಯೇ ಅವ್ವನ ಹೆಸರು. ಜನ ಶಾಂತಿ ಕೋರಿದರು. ಅವರ ದನಿಯ ಜೊತೆ ನನ್ನ ತುಟಿಯೂ ಆಡಿತು. ಯಾಕೆ ಸುಮ್ಮನಿದ್ದೆ ಎಂದರೆ ನನ್ನ ಹತ್ತಿರ ದೊಡ್ಡ ಕಾರಣವಿಲ್ಲ. ಅಷ್ಟು ಪ್ರೀತಿಯಿಂದ ಮಾಡಿದ್ದಾರೆ, ನಡುವೆ ತಡೆದರೆ ಏನಂದುಕೊಂಡಾರು ಎಂಬ ಸಂಕೋಚ. ಅಷ್ಟೇ.

ಮೇಲಿನ ನನ್ನ ಕೋಣೆಗೆ ಹೋಗಿ ಅಕ್ಕನಿಗೆ ಫೋನ್ ಮಾಡಿದೆ. ಊರಲ್ಲಿ ಆಗ ಬೆಳಗಾಗಿತ್ತು. ಎತ್ತಲಿಲ್ಲ. ಮತ್ತೆ ಮಾಡಿದೆ. ಕೊನೆಗೆ ಅವಳೇ ಮಾಡಿದಳು.

"ಗಾಬ್ರಿ ಆಗ್ಬೇಡ ಕಣೇ. ಅವ್ವ ಬಟ್ಟೆ ಒಗೆಯೋ ಕಲ್ಲತ್ರ ಜಾರ್‍ಬುಟ್ಟವ್ಳೆ. ಕೈ ಮುರ್‍ದದೆ. ಆಸ್ಪತ್ರೆಗೆ ಕರ್‍ಕೊಂಡ್ ಬಂದಿವ್ನಿ."

"ಯಾವಾಗ ಬಿದ್ದಿದ್ದು?"

"ಈಗ ಒಂದ್ ಗಳಿಗೆ ಮುಂಚೆ. ಯಾಕೆ ಅಂಗೆ ಕೇಳ್ತೀಯಾ?"

ಫೋನ್ ಕಟ್ ಮಾಡಿದೆ. ಬರಿಗಾಲಲ್ಲೇ ಕೆಳಗಿಳಿದು ಬಂದೆ. ಜನ ಕಡುಬು ತಿನ್ನುತ್ತಿದ್ದರು. ಮನೆಯೊಡತಿಯ ಕೈ ಹಿಡಿದು ಅಡುಗೆಮನೆಗೆ ಎಳೆದುಕೊಂಡು ಹೋಗಿ ಫೋನಿಗೆ ಒಂದೇ ಮಾತು ಹೇಳಿದೆ: "ನಮ್ಮವ್ವ ಬದುಕಿದ್ದಾಳೆ."

ಫೋನು ಅದನ್ನು ಆಕೆಯ ಭಾಷೆಯಲ್ಲಿ ಹೇಳಿತು. ಆಕೆ ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡಳು. ನನ್ನ ಮೇಲೆ ಕೂಗಾಡಿದ್ದರೆ ಎಷ್ಟೋ ವಾಸಿಯಿತ್ತು. ಆಕೆ ತನ್ನ ಹಣೆಯನ್ನೇ ಚಚ್ಚಿಕೊಂಡಳು. ನಾನೇ ಸರಿಯಾಗಿ ಕೇಳಲಿಲ್ಲ, ನನ್ನದೇ ತಪ್ಪು ಅಂತ ಅಳತೊಡಗಿದಳು. ನನ್ನ ಸಂಕೋಚ ಈಗ ಇನ್ನೊಬ್ಬ ಹೆಂಗಸಿನ ಹಬ್ಬವನ್ನೂ ಕೆಡಿಸಿತ್ತು.

ಆಮೇಲೆ ಆಕೆ ಕಣ್ಣೊರೆಸಿಕೊಂಡು ಹೋಗಿ ಅವ್ವನ ಮುಂದಿನ ಬತ್ತಿ ಆರಿಸಿದಳು, ಚೌಕಟ್ಟು ಬಿಚ್ಚಿ ಫೋಟೋ ತೆಗೆದಳು. ಕತ್ತರಿ ಹಿಡಿದು ನನ್ನ ಮುಖ ನೋಡಿದಳು. ಇಬ್ಬರನ್ನೂ ಬೇರೆ ಮಾಡಬೇಕೆಂದರೆ ಅವ್ವನ ಹೆಗಲ ಮೇಲಿದ್ದ ಅಪ್ಪನ ಕೈ ಕತ್ತರಿಸಬೇಕು. ನಾನು ಬೇಡ ಎಂದು ತಲೆಯಾಡಿಸಿದೆ. ಆಕೆ ಕತ್ತರಿ ಇಟ್ಟು, ಅವ್ವನ ಕಡೆಯ ಭಾಗವನ್ನು ಹಿಂದಕ್ಕೆ ಮಡಚಿ, ಅಪ್ಪ ಮಾತ್ರ ಕಾಣುವ ಹಾಗೆ ಮತ್ತೆ ಚೌಕಟ್ಟಿಗೆ ಹಾಕಿದಳು. ಪ್ರಾರ್ಥನೆಯ ಮುದುಕಿಯ ಹತ್ತಿರ ಹೋಗಿ ಕಿವಿಯಲ್ಲಿ ಏನೋ ಹೇಳಿದಳು. ಮುದುಕಿ ತಿನ್ನುವುದನ್ನು ನಿಲ್ಲಿಸಿ ಕೈತೊಳೆದು ಬಂದು, ನನ್ನ ತಲೆಯ ಮೇಲೆ ಕೈಯಿಟ್ಟು ಬಹಳ ಹೊತ್ತು ಮಣಮಣ ಅಂದಳು.

ಅಪ್ಪನ ಮುಂದೆ ಸಿಗರೇಟು ಹಚ್ಚಿಟ್ಟರು. ಬೀಡಿ ಸೇದಿ ರೂಢಿಯಿದ್ದ ಮನುಷ್ಯ, ಏನು ಮಾಡಿದರೋ.

ಊರಿಗೆ ಬಂದಾಗ ಸಂಕ್ರಾಂತಿ ಕಳೆದಿತ್ತು. ಅವ್ವನ ಕೈಯ ಪ್ಲಾಸ್ಟರ್ ಬಿಚ್ಚಿದ್ದರು. ಮಣಿಕಟ್ಟು ಕೊಂಚ ಸೊಟ್ಟಗೆ ಕೂಡಿತ್ತು, ಚೊಂಬು ಎತ್ತುವಾಗ ಇನ್ನೊಂದು ಕೈ ಆಸರೆ ಬೇಕಿತ್ತು. ಪ್ರತಿ ಸಲ ಅದು ಕಣ್ಣಿಗೆ ಬಿದ್ದಾಗ ನಾನು ಬೇರೆ ಕಡೆ ನೋಡುತ್ತಿದ್ದೆ. ಚೊಂಬು ಕಿತ್ತುಕೊಳ್ಳುತ್ತಿದ್ದೆ, ತಲೆ ಬಾಚುತ್ತಿದ್ದೆ, ತಟ್ಟೆ ತೊಳೆಯಲು ಬಿಡುತ್ತಿರಲಿಲ್ಲ.

"ಏನ್ ಮಗ, ನನ್ ಕಂಡ್ರೆ ಪರದೇಸಿ ನೆಂಟ್ರ ಕಂಡಂಗೆ ಆಡ್ತೀಯಲ್ಲಾ?" ಅಂದಳು ಒಂದು ಮಧ್ಯಾಹ್ನ.

ಫೋಟೋ ವಿಷಯ ಹೇಳಿದೆ. ಅಕ್ಕ ಅಲ್ಲೇ ಅವರೆಕಾಯಿ ಸುಲಿಯುತ್ತಿದ್ದಳು. ಮೊರ ಪಕ್ಕಕ್ಕೆ ತಳ್ಳಿದಳು.

"ಬುದ್ಧಿ ಎಲ್ಲಿ ಮಡಗಿದ್ದೆ? ಮುತ್ತೈದೆ ಸಾವೂ ಸಿಗ್ನಿಲ್ಲ ಅಂತ ಅವ್ಳು ಮೊದ್ಲೇ ಕೊರಗ್ತಾವ್ಳೆ. ಬದುಕಿರೋವಾಗ್ಲೇ ಎಡೆ ಇಕ್ಕುಸ್ಬುಟ್ಯಲ್ಲೇ!"

ಅವ್ವ ಕೇಳಿದ್ದು ನಾನು ಎಣಿಸಿರದ ಮಾತು.

"ನಿಮ್ಮಪ್ಪಂಗೆ ಏನಿಕ್ಕಿದ್ರು?"

ಕಡುಬಿನ ವಿಷಯ ಹೇಳಿದೆ. ಬಾಳೆಲೆ, ಕೆಂಡ, ಕೋಳಿ. ಖಾರ ಇತ್ತಾ ಎಂದಳು. ಇತ್ತು ಅಂದೆ. "ಸರಿ ಬುಡು, ಉಂಡಿರ್‍ತಾರೆ," ಅಂದಳು. ಅಕ್ಕ ಬಿಡಲಿಲ್ಲ. ದೋಷ ಕಳೆಯಲಿ ಎಂದು ಮುಂದಿನ ಸೋಮವಾರ ಮೂವರೂ ರಾಮನಾಥಪುರದ ಬಸ್ಸು ಹತ್ತಿದೆವು. ಹೊಳೆಯಲ್ಲಿ ಅವ್ವನನ್ನು ಮೀಯಿಸಿ, ದೇವರ ಮುಂದೆ ಅವಳ ಹೆಸರಲ್ಲಿ ಅರ್ಚನೆ ಮಾಡಿಸಿದೆವು. ಪೂಜಾರಿ ಹೆಸರು ಕೇಳಿದಾಗ ನಾನು ಬೇಕಂತಲೇ ಜೋರಾಗಿ ಹೇಳಿದೆ. ಆದರೆ ಹಬ್ಬದ ಆ ಸಂಜೆ ಇದೇ ಹೆಸರಿಗೆ ಶಾಂತಿ ಕೋರುವಾಗ ನನ್ನ ತುಟಿಯೂ ಆಡಿದ್ದನ್ನು ಅವರಿಬ್ಬರಿಗೂ ಹೇಳಲಾಗಲಿಲ್ಲ. ಇವತ್ತಿಗೂ ಹೇಳಿಲ್ಲ.

ಹೊಳೆಯ ಮೆಟ್ಟಿಲ ಮೇಲೆ ಸೀರೆ ಒಣಗಿಸುತ್ತ ಕೂತಿದ್ದಾಗ ಅವ್ವ, "ಆ ಯಮ್ಮ ಈಗ ಏನ್ ಮಾಡ್ತಿದ್ದಾಳು?" ಅಂದಳು.

"ಯಾವ ಯಮ್ಮ?"

"ಅದೇ, ನನ್ ಫೋಟೋ ಮಡಚಿಕ್ಕಿದ್ಲಲ್ಲ. ಪಾಪ, ಅತ್ಲಂತೆ. ಫೋನ್ ಆಕು, ನೋಡ್ಲಿ."

ಸಂಜೆಯಾಗುವವರೆಗೆ ಕಾದು ಮಾಡಿದೆ. ಅಲ್ಲಿ ಆಗ ತಾನೇ ಬೆಳಕು ಹರಿದಿತ್ತು. ಮನೆಯೊಡತಿ ಕೆದರಿದ ಕೂದಲಲ್ಲೇ ಬಂದಳು. ನಾನು ಫೋನನ್ನು ಅವ್ವನ ಕಡೆ ತಿರುಗಿಸಿದೆ. ಆಕೆ ಬಾಯಿಗೆ ಕೈ ಅಡ್ಡ ಹಿಡಿದುಕೊಂಡಳು, ಏನೇನೋ ಹೇಳತೊಡಗಿದಳು. ಅವ್ವ ಸೊಟ್ಟ ಕೈಯನ್ನೇ ಎತ್ತಿ ಫೋನಿಗೆ ಹತ್ತಿರ ಹಿಡಿದು, ಕಿವುಡರಿಗೆ ಹೇಳುವ ಹಾಗೆ ಕೂಗಿದಳು.

"ನೋಡವ್ವಾ, ಬದುಕಿವ್ನಿ ಕಣವ್ವಾ! ಇನ್ನೂ ಇವ್ನಿ! ಅಳ್‍ಬ್ಯಾಡ!"

ಅಕ್ಕ ನಗುತ್ತ ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾನು ಫೋನ್ ಅಲುಗದಂತೆ ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದೆ. ನಗು ಬರಲಿಲ್ಲ.