ಟೆಬಟ್‌ನ ಎಡಗಿವಿ
ಹಳೆಯ ರೇಸ್ ಕಾರುಗಳ ಇಂಜಿನ್ ಹದಗೊಳಿಸುವ ಸಿರಿಲ್ ಟೆಬಟ್‌ನಿಗೆ ಅವೆಲ್ಲ ಮುನಿಸಿಕೊಂಡು ಬಂದ ನೆಂಟರು. ನಾರ್ಥಾಂಪ್ಟನ್ ಕಡೆಯ ತನ್ನ ಇಟ್ಟಿಗೆ ಶೆಡ್ಡಿನಲ್ಲಿ ಮೊದಲು ಬಾನೆಟ್ಟಿನ ಮೇಲೆ ಅಂಗೈಯಿಟ್ಟು ಮಾತಾಡಿಸುತ್ತಾನೆ; ತಣ್ಣಗಿರುವ ಇಂಜಿನ್ನನ್ನು ಯಾರಾದರೂ ಜೋರಾಗಿ ಗುಡುಗಿಸಿದರೆ, "ನಿಮ್ಮಜ್ಜೀನ ಹಾಸಿಗೆಯಿಂದ ಎಬ್ಬಿಸಿ ಹಂಗೇ ಓಡಿಸ್ತೀಯೇನಯ್ಯಾ?" ಎಂದು ಗದರುತ್ತಾನೆ. ಆಮೇಲೆ ರಬ್ಬರ್ ಕೊಳವೆಯ ಒಂದು ತುದಿಯನ್ನು, ಇಂಜಿನ್ನಿಗೆ ಗಾಳಿ-ಪೆಟ್ರೋಲು ಬೆರೆಸಿ ಕೊಡುವ ಜೋಡಿ ಕಾರ್ಬುರೇಟರುಗಳ ಬಾಯಿಗೆ ಒಂದಾದ ಮೇಲೊಂದರಂತೆ, ಇನ್ನೊಂದನ್ನು ತನ್ನ ಎಡಗಿವಿಗೆ ಹಿಡಿದು, ಎರಡೂ ಕಾರ್ಬುರೇಟರುಗಳ ಉಸಿರು ಒಂದಾಗುವವರೆಗೆ ತಿರುಪು ತಿರುಗಿಸುತ್ತಾನೆ. "ಸಿರಿಲ್ಲನಿಗೆ ಹೆಂಡ್ತಿ ಕೂಗಿದ್ದು ಕೇಳಲ್ಲ, ಮೂರೂರಾಚೆ ಇಂಜಿನ್ ಕೆಮ್ಮಿದ್ರೆ ಕೇಳತ್ತೆ" ಎಂದು ಪಬ್ಬಿನವರು ನಗುತ್ತಾರೆ. ಅವನು ಬೇಡವೆಂದ ಕಾರನ್ನು ಹಠದಿಂದ ಓಡಿಸಿದ ಇಬ್ಬರು ಆಸ್ಪತ್ರೆ ಸೇರಿದ್ದನ್ನು ಹೇಳುವಾಗ ಮಾತ್ರ ಅವರು ನಗುವುದಿಲ್ಲ. ಆದರೂ ಹ್ಯಾರಿಯೆಟ್ ಪೆಲ್ ಈ ಬೆಳಿಗ್ಗೆ ಜಗಳಕ್ಕೇ ಬಂದಿದ್ದಳು. ನಾಳೆ ಅವಳ ಮೊದಲ ರೇಸು, ಅಪ್ಪನ ಹಸಿರು ಕಾರನ್ನು ಟೆಬಟ್ ಇನ್ನೂ ಬಿಟ್ಟುಕೊಟ್ಟಿರಲಿಲ್ಲ. ಸೀಟಿನಲ್ಲಿ ಕುಳಿತು ಪೆಡಲ್ ಒತ್ತುತ್ತ, "ಇಷ್ಟು ಚೆನ್ನಾಗಿ ಹಾಡ್ತಿದೆಯಲ್ಲಾ, ಇನ್ನೇನು ಕೇಳ್ತಿದೀರಿ?" ಎಂದು ಕೂಗಿದಳು. ಅವನು ತಿರುಗಲಿಲ್ಲ. ಚಹಾ ತಂದ ಅವನ ಹೆಂಡತಿ ಮೌರೀನ್ ಅವಳತ್ತ ಬಾಗಿ, "ಆ ಕಿವಿಗೆ ಕೂಗಿ ಏನು ಬಂತು ಚಿನ್ನ? ಇವರ ತಮ್ಮನ ಕಾರಿನ ಇಂಜಿನ್ ಸಿಡಿದು ಅವನು ಹೋದ ದಿನವೇ ಆ ಕಿವೀನೂ ಹೋಯ್ತು. ಅವತ್ತಿಂದ ಮನುಷ್ಯರ ಮಾತು ಅದಕ್ಕೆ ಕೇಳಿಸಲ್ಲ" ಎಂದಳು. ಹ್ಯಾರಿಯೆಟ್ ತಿರುಗಿ ನೋಡಿದಳು. ಸತ್ತ ಕಿವಿಗೆ ಕೊಳವೆ ಒತ್ತಿಕೊಂಡು ಅವನು, ಯಾರೋ ಮೆಲ್ಲಗೆ ಹೇಳುತ್ತಿರುವುದಕ್ಕೆ ಹೂಂಗುಟ್ಟುವವನಂತೆ ತಲೆಯಾಡಿಸುತ್ತಿದ್ದ. ಕೊನೆಗೆ ಮುಖವೆತ್ತಿ, "ಇಳಿ ಮಗಳೇ" ಎಂದ. ಅವಳು ಪೆಡಲಿನಿಂದ ಕಾಲು ತೆಗೆದಳು. ಇಂಜಿನ್ ಆರಿಸಿ ಇಳಿದಳು.