ಬ್ರೇಕಿನ ತಟ್ಟೆಗೆ ಹಚ್ಚಿದ ವಿಭೂತಿ

ಕೃಷ್ಣಮೂರ್ತಿಪುರಂನ ಒಂದು ಅಡ್ಡರಸ್ತೆಯ ಮೂಲೆಯಲ್ಲಿ ಮೃತ್ಯುಂಜಯನ ಸೈಕಲ್ ಶಾಪಿತ್ತು. ಶಾಪು ಅಂದರೆ ಒಳಗೆ ಇಬ್ಬರು ನಿಂತರೆ ಮೂರನೆಯವರಿಗೆ ಜಾಗವಿಲ್ಲ. ಹೊರಗೆ ಚಪ್ಪಡಿ ಕಲ್ಲಿನ ಮೇಲೆ ನೀರು ತುಂಬಿದ ಹಳೇ ಬಾಣಲೆ. ಪಂಕ್ಚರಾದ ಟ್ಯೂಬನ್ನು ಆ ನೀರಿಗೆ ಅದ್ದಿ, ಗುಳ್ಳೆ ಎಲ್ಲೇಳುತ್ತದೆ ಅಂತ ನೋಡುವಾಗ ಅವನು ಉಸಿರು ಕೂಡ ಬಿಡುತ್ತಿರಲಿಲ್ಲ. ಅಷ್ಟು ನಿಗಾ. ತೊಂಬತ್ತೊಂದರಲ್ಲಿ ಅಪ್ಪ ತೀರಿಕೊಂಡ ಮೇಲೆ ಅಂಗಡಿಯೂ, ಗಂಟೆಗಿಷ್ಟು ಅಂತ ಬಾಡಿಗೆಗೆ ಕೊಡುವ ಹನ್ನೆರಡು ಸೈಕಲ್ಲುಗಳೂ ಅವನ ಪಾಲಿಗೆ ಬಂದವು.

ಆಮೇಲೆ ಜನ ಸ್ಕೂಟರು, ಮೊಪೆಡ್ಡು ಅಂತ ಕೊಂಡುಕೊಂಡರು. ಬಾಡಿಗೆ ಸೈಕಲ್ ಕೇಳುವವರೇ ಇಲ್ಲವಾದರು. ಇನ್ನು ಬಾಗಿಲು ಎಳೆಯುವುದೇ ಸರಿ ಅನ್ನುವ ಹೊತ್ತಿಗೆ ದಪ್ಪ ಟೈರಿನ ಗೇರ್ ಸೈಕಲ್ಲಿನವರು ಬಂದರು. ಅವರಿಗೆಲ್ಲ ಮುಂದಾಳು ಸಂಜಯ್, ಯಾದವಗಿರಿಯವನು, ಕಾಲೇಜಿನಲ್ಲಿ ಭೂಗೋಳ ಪಾಠ ಮಾಡುವ ಮೇಷ್ಟ್ರು. ಭಾನುವಾರ ಬೆಳಗಾದರೆ ಏಳೆಂಟು ಜನ ಸೇರಿ ಚಾಮುಂಡಿ ಬೆಟ್ಟ ಹತ್ತುವುದು, ಹಿಂಬದಿಯ ಕಲ್ಲುಮಣ್ಣಿನ ದಾರಿಯಲ್ಲಿ ಇಳಿಯುವುದು. ರಜೆ ಬಂದರೆ ಬಿಳಿಗಿರಿರಂಗನ ಬೆಟ್ಟ, ಗೋಪಾಲಸ್ವಾಮಿ ಬೆಟ್ಟ. ಹೊರಡುವ ಮುಂಚೆ ಮೃತ್ಯುಂಜಯನ ಹತ್ತಿರ ಗಾಳಿ, ಚೈನು ನೋಡಿಸಬೇಕು. ಬಂದ ಮೇಲೆ ಅವನ ಬೆಂಚಿನ ಮೇಲೆ ಕೂತು, ಕಾಫಿ ಕುಡಿಯುತ್ತಾ, ಯಾರು ಎಲ್ಲಿ ಬಿದ್ದರು, ಹೇಗೆ ಎದ್ದರು ಅಂತ ಹೇಳಿಕೊಂಡು ನಗಬೇಕು.

ಮೃತ್ಯುಂಜಯ ಸ್ಪ್ಯಾನರು ತಿರುಗಿಸುತ್ತಾ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದ. ಈ ವಾರ ಕೇಳಿದ್ದನ್ನು ಮುಂದಿನ ವಾರ ಹೊಸದಾಗಿ ಸೇರಿದವರಿಗೆ ತನ್ನದೇ ಅನುಭವದಂತೆ ಹೇಳುತ್ತಿದ್ದ.

"ಏರು ಬಂದ್ಮೇಲೆ ಗೇರ್ ಇಳ್ಸೋದಲ್ಲ ಕಣೋ, ಏರು ಕಣ್ಣಿಗೆ ಕಂಡಾಗ್ಲೇ ಇಳಿಸ್ಬುಡ್ಬೇಕು. ಇಳಿಜಾರಲ್ಲಿ ಸೀಟು ಬಿಟ್ಟು ಹಿಂದಕ್ಕೆ ಸರ್ಕೊ, ಮೊಣಕೈ ಸಡಿಲ ಬಿಡು. ಬ್ರೇಕು ಗಬಕ್ಕಂತ ಹಿಡೀಬೇಡ, ಹಸು ಹಾಲು ಕರ‍್ದಂಗೆ ಹಿಡಿ, ಬಿಡು, ಹಿಡಿ, ಬಿಡು. ಒಂದು ಟ್ಯೂಬು, ಒಂದು ಪಂಪು, ಜೇಬಲ್ಲಿ ಒಂದಿಷ್ಟು ಬೆಲ್ಲ. ಇಷ್ಟಿದ್ರೆ ಯಾವ ಬೆಟ್ಟ ಆದ್ರೂ ಸೈ."

"ಅಣ್ಣ, ನೀವೊಂದ್ಸಲ ನಮ್ ಜೊತೆ ಬನ್ನಿ" ಅಂತ ಯಾರಾದರೂ ಕರೆದರೆ, "ನಾನು ಇಳೀದಿರೋ ಬೆಟ್ಟ ಯಾವ್ದಿದೆ ತೋರ್ಸು, ಬತ್ತೀನಿ" ಅಂದುಬಿಡುವನು. ಎಲ್ಲರೂ ಹೋ ಅಂತ ನಗುವರು.

ನಿಜಕ್ಕೂ ಅವನು ಬೆಟ್ಟಕ್ಕೆ ಹೋಗುತ್ತಿದ್ದದ್ದು ಆಷಾಢ ಶುಕ್ರವಾರ, ಹೆಂಡತಿ ಪ್ರೇಮಲೀಲಾಳ ಜೊತೆ, ಸಿಟಿ ಬಸ್ಸಿನಲ್ಲಿ. ಸೈಕಲ್ ತುಳಿದು ಬೆಟ್ಟದ ಪಾದ ದಾಟಿದವನಲ್ಲ. ಇದು ಪ್ರೇಮಲೀಲಾಗೆ ಗೊತ್ತಿತ್ತು. ಗಂಡನ ಗತ್ತು ನೋಡಿ ಸೆರಗಿನಲ್ಲಿ ಬಾಯಿ ಮುಚ್ಚಿ ನಗುತ್ತಿದ್ದಳು, ಅಷ್ಟೆ.

ಎರಡು ಸಾವಿರದ ಎಂಟನೆಯ ಇಸವಿಯಲ್ಲಿ ಈ ಗುಂಪಿಗೆ ಲಾಸ್ಯ ಸೇರಿದಳು. ರಾಮಕೃಷ್ಣನಗರದ ಹುಡುಗಿ, ಡಿಗ್ರಿ ಎರಡನೇ ವರ್ಷ. ತಾಯಿ ಸುಷ್ಮಾ ಒಬ್ಬಳೇ ಸಾಕಿದ ಮಗಳು. ಹುಡುಗಿ ಬೆಟ್ಟಗುಡ್ಡ ಅಂತ ಸೈಕಲ್ ತುಳಿಯುವುದು ತಾಯಿಗೆ ಒಂದಿಷ್ಟೂ ಹಿಡಿಸಿರಲಿಲ್ಲ. ಲಾಸ್ಯ ಆರು ತಿಂಗಳು ಕಾಡಿ, ಅತ್ತು, ದೀಪಾವಳಿ ರಜೆಯಲ್ಲಿ ಬಿಳಿಗಿರಿರಂಗನ ಬೆಟ್ಟಕ್ಕೆ ಹೋಗಲು ಒಪ್ಪಿಗೆ ಪಡೆದಿದ್ದಳು. ಬೆಂಗಳೂರಿನ ಸೋದರಮಾವ ಅವಳಿಗೊಂದು ಹೊಸ ಸೈಕಲ್ ಕೊಡಿಸಿದ್ದ. ಅಂಥ ಸೈಕಲ್ ಆ ಗುಂಪಿನಲ್ಲಿ ಅದೇ ಮೊದಲು. ಬ್ರೇಕು ಚಕ್ರದ ಅಂಚನ್ನು ಹಿಡಿಯುತ್ತಿರಲಿಲ್ಲ. ಒಂದೊಂದು ಚಕ್ರದ ನಡುವೆಯೂ ತೂತು ತೂತಾದ ಒಂದು ಉಕ್ಕಿನ ತಟ್ಟೆ, ಅದನ್ನು ಎರಡು ಕಡೆಯಿಂದ ಅಮುಕಿ ಹಿಡಿಯುವ ಪುಟ್ಟ ಬಿಲ್ಲೆಗಳು. ಮೋಟರ್ ಬೈಕಿನಲ್ಲಿ ಇರುವಂಥದ್ದು.

ಆಯುಧಪೂಜೆಗೆ ಗುಂಪಿನವರ ಸೈಕಲ್ಲುಗಳೆಲ್ಲ ಮೃತ್ಯುಂಜಯನ ಶಾಪಿಗೇ ಬರುವುದು ಹತ್ತು ವರ್ಷದ ರೂಢಿ. ಲಾಸ್ಯ ಸೈಕಲ್ ನಿಲ್ಲಿಸುತ್ತಾ ಕೇಳಿದಳು, "ಅಂಕಲ್, ಇದು ಡಿಸ್ಕ್ ಬ್ರೇಕು. ನಿಮಗೆ ಗೊತ್ತಲ್ವಾ?"

ಸುತ್ತ ಐದಾರು ಜನ ನಿಂತಿದ್ದರು. ಮೃತ್ಯುಂಜಯ ತಲೆ ಎತ್ತಲಿಲ್ಲ. "ನಿನಗಿಂತ ಹಳೇ ಸ್ಪ್ಯಾನರಿದೆ ಕಣವ್ವ ಇಲ್ಲಿ. ಇದೇನು ದೇವಲೋಕದ್ದಾ?"

ಮತ್ತೆ ನಗು. ಹುಡುಗಿಯೂ ನಕ್ಕು ಹೋದಳು. ಇಲ್ಲ ಕಣವ್ವ, ನೋಡಿಲ್ಲ, ಹೇಳು ಅಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಆ ಮಾತು ಅವನ ನಾಲಿಗೆಯ ತನಕ ಬಂದಿತ್ತು. ಹಾಗೇ ನುಂಗಿಕೊಂಡ.

ಆಯುಧಪೂಜೆ ಅಂದರೆ ಕಬ್ಬಿಣವನ್ನೆಲ್ಲ ತೊಳೆದು, ಎಣ್ಣೆ ಕೈಯಲ್ಲಿ ಒರೆಸಿ, ಫಳಫಳ ಅನ್ನಿಸಬೇಕು. ಸ್ಪ್ಯಾನರು, ಸುತ್ತಿಗೆ, ಸೈಕಲ್ಲಿನ ಚೈನು, ಪೆಡಲು ಎಲ್ಲಕ್ಕೂ ಅಪ್ಪನ ಕಾಲದಿಂದ ಕೊಬ್ಬರಿ ಎಣ್ಣೆ ಬಟ್ಟೆ. ಚಕ್ರದ ಅಂಚಿಗೆ ಮಾತ್ರ ಎಣ್ಣೆ ಸೋಕಿಸಬಾರದು, ಬ್ರೇಕು ಹಿಡಿಯುವುದಿಲ್ಲ ಅನ್ನುವುದು ಅವನಿಗೆ ಎಂಟನೇ ವಯಸ್ಸಿಗೇ ಗೊತ್ತು. ಲಾಸ್ಯಳ ಸೈಕಲ್ಲಿನಲ್ಲೂ ಅಂಚನ್ನು ಹುಷಾರಾಗಿ ಬಿಟ್ಟ. ನಡುವಿನ ತಟ್ಟೆ ಮಳೆಗೆ ಸಿಕ್ಕಿ ಒಂದಿಷ್ಟು ತುಕ್ಕಿನ ಬಣ್ಣ ತಿರುಗಿತ್ತು. ಎಳೆ ಹುಡುಗಿಯ ಹೊಸ ಸೈಕಲ್, ಚೆನ್ನಾಗಿ ಕಾಣಲಿ ಅಂತ ಎರಡು ತಟ್ಟೆಯನ್ನೂ ಎಣ್ಣೆ ಹಾಕಿ ಕನ್ನಡಿಯ ಹಾಗೆ ಉಜ್ಜಿದ. ಉಜ್ಜಿದ ಮೇಲೆ ಅದಕ್ಕಿಂತ ಒಳ್ಳೇ ಜಾಗ ಸೈಕಲ್ಲಿನಲ್ಲಿ ಇನ್ನೊಂದು ಕಾಣಲಿಲ್ಲ. ಮೂರು ಬೆರಳಲ್ಲಿ ವಿಭೂತಿ ಎಳೆದು, ನಡುವೆ ಕುಂಕುಮ ಇಟ್ಟ. ಚೆಂಡುಹೂ ಏರಿಸಿ, ಬೂದಗುಂಬಳ ಒಡೆದು, ಎಲ್ಲರಿಗೂ ಕಡ್ಲೆಪುರಿ ಹಂಚಿದ.

ಮರುದಿನ ವಿಜಯದಶಮಿ. ಮಧ್ಯಾಹ್ನ ಊರಿಗೆ ಊರೇ ಮೆರವಣಿಗೆಗೆ ನೆರೆಯುವ ಮೊದಲು ಬೆಟ್ಟ ಹತ್ತಿ ಇಳಿದುಬಿಡೋಣ ಅಂತ ಗುಂಪು ಬೆಳಗ್ಗೆಯೇ ಹೊರಟಿತು. ಬೆಟ್ಟದ ಪಾದದ ಹತ್ತಿರ ಲಾಸ್ಯ ಸಂಜಯನಿಗೆ ಹೇಳಿದಳಂತೆ: "ಸಾರ್, ಬ್ರೇಕ್ ಯಾಕೋ ಸರಿಯಾಗಿ ಹಿಡೀತಿಲ್ಲ, ಕುಂಯ್ ಅಂತಿದೆ." ಸಂಜಯ್, "ಹೊಸದಲ್ವಾ, ಪಳಗಬೇಕು. ಮೃತ್ಯುಂಜಯಣ್ಣ ನೋಡಿದ ಮೇಲೆ ಇನ್ನೇನಮ್ಮ" ಅಂದನಂತೆ.

ಹಿಂಬದಿಯ ಮಣ್ಣುದಾರಿಯ ಎರಡನೇ ತಿರುವಿನಲ್ಲಿ ಸೈಕಲ್ ನಿಲ್ಲಲೇ ಇಲ್ಲ. ಹುಡುಗಿ ಲಂಟಾನ ಪೊದೆಯನ್ನು ದಾಟಿ ಬಂಡೆಯ ಮೇಲೆ ಬಿದ್ದಳು. ಹೆಗಲ ಮೂಳೆ ಮುರಿಯಿತು, ಗದ್ದಕ್ಕೆ ಐದು ಹೊಲಿಗೆ.

ಸೈಕಲ್ಲನ್ನು ಆಟೋದಲ್ಲಿ ಹಾಕಿ ಶಾಪಿಗೆ ತಂದರು. ಮೃತ್ಯುಂಜಯ ಚಕ್ರ ಬಿಚ್ಚಿದ. ಒಳಗಿನ ಬಿಲ್ಲೆಗಳನ್ನು ಅಂಗೈ ಮೇಲೆ ಹಾಕಿಕೊಂಡು ನೋಡಿದ. ಬಿಲ್ಲೆಗಳು ಎಣ್ಣೆ ಕುಡಿದು ಕಪ್ಪಾಗಿದ್ದವು. ಆ ಕಪ್ಪಿನ ಅಂಚಿನಲ್ಲಿ ಕುಂಕುಮದ ಕೆಂಪು. ತಾನು ತಟ್ಟೆಗೆ ಹಾಕಿದ ಎಣ್ಣೆಯೇ ಅದು ಅಂತ ತಿಳಿದು ಮುಷ್ಟಿ ಮುಚ್ಚಿದ.

ಅದೇ ಹೊತ್ತಿಗೆ ಸುಷ್ಮಾ ಬಂದಳು. ಆಸ್ಪತ್ರೆಯಿಂದ ನೇರವಾಗಿ ಬಂದಿದ್ದಳು, ಚಪ್ಪಲಿಯ ಮೇಲೆಲ್ಲ ಧೂಳು. "ಮೃತ್ಯುಂಜಯ ಅವರೇ, ನೀವು ತಿಳಿದವರು. ಸೈಕಲ್ಲಲ್ಲಿ ಏನಾದ್ರೂ ತೊಂದ್ರೆ ಇತ್ತಾ? ಅವಳು ನಾನು ಬ್ರೇಕ್ ಹಾಕ್ದೆ, ಅದು ಹಿಡೀಲಿಲ್ಲ ಅಂತ ಒಂದೇ ಸಮ ಹೇಳ್ತಿದ್ದಾಳೆ."

ಬಿಲ್ಲೆಗಳು ಅವನ ಮುಷ್ಟಿಯಲ್ಲಿದ್ದವು. ಸಂಜಯನೂ ಪಕ್ಕದಲ್ಲೇ ನಿಂತಿದ್ದ.

"ಸೈಕಲ್ಲಲ್ಲೇನೂ ಇಲ್ಲ ತಾಯಿ" ಅಂದ ಮೃತ್ಯುಂಜಯ. "ಮಗು ಗಾಬರೀಲಿ ಮುಂದಿನ ಬ್ರೇಕೊಂದನ್ನೇ ಗಬಕ್ಕಂತ ಅದುಮ್ಬುಟ್ಟಿರಬೇಕು. ಹೊಸಬರು ಮಾಡೋದೇ ಹಂಗೆ."

ಸುಷ್ಮಾ ತಲೆದೂಗಿದಳು. "ನಂಗೂ ಅದೇ ಅನ್ನಿಸ್ತು. ಹೇಳಿದ್ರೆ ಕೇಳ್ತಾಳಾ? ಇನ್ನು ಈ ಸೈಕಲ್ಲು ನಮ್ಮನೆ ಗೇಟೊಳಗೆ ಬರಬಾರದು. ಇಲ್ಲೇ ಇರ್ಲಿ, ಯಾರಾದ್ರೂ ಕೇಳಿದ್ರೆ ಮಾರ್ಬುಡಿ."

ಅವಳು ಹೋದ ಮೇಲೆ ಅವನು ಬಿಲ್ಲೆಗಳನ್ನು ಒಂದು ತಗಡಿನ ಡಬ್ಬಿಯಲ್ಲಿ ಹಾಕಿ, ಸಾಮಾನಿನ ಹಲಗೆಯ ಹಿಂದಕ್ಕೆ ತಳ್ಳಿದ. ಎಸೆಯಬೇಕು ಅಂತಲೇ ಕೈಗೆತ್ತಿಕೊಂಡದ್ದು. ಎಸೆಯಲು ಕೈ ಬರಲಿಲ್ಲ.

ಅಲ್ಲಿಂದಾಚೆಗೆ ಅವನ ಬೆಳಗು ಕೆಟ್ಟಿತು. ದಿನಾ ಸ್ನಾನ ಮಾಡಿ, ಇಷ್ಟಲಿಂಗವನ್ನು ಎಡ ಅಂಗೈ ಮೇಲಿಟ್ಟುಕೊಂಡು, ಮೂರು ಬೆರಳಿಗೆ ವಿಭೂತಿ ತಗೊಂಡರೆ ಸಾಕು, ಕಣ್ಣೆದುರಿಗೆ ಆ ತಟ್ಟೆ ಬಂದು ನಿಲ್ಲುತ್ತಿತ್ತು. ಬೆರಳು ಹಣೆಯ ತನಕ ಹೋಗಿ ತಡೆಯುತ್ತಿತ್ತು. ಬೆಂಚಿನ ಮೇಲೆ ಕೂತವರು, "ಲಾಸ್ಯ ಬ್ರೇಕ್ ಹಿಡಿದಂಗೆ ಹಿಡೀಬೇಡ ಕಣೋ, ಪೊದೆ ಹಾರ್ಬೇಕಾಗತ್ತೆ" ಅಂತ ಹೊಸಬರಿಗೆ ಹೇಳಿ ನಗುವುದು ರೂಢಿಯಾಯಿತು. ಪ್ರತಿ ಸಲವೂ ಅವನು ಬಾಣಲೆಯ ನೀರಿಗೆ ತಲೆ ಬಗ್ಗಿಸುತ್ತಿದ್ದ, ಗುಳ್ಳೆ ಹುಡುಕುವವನ ಹಾಗೆ. ದೀಪಾವಳಿಗೆ ಗುಂಪು ಬಿಳಿಗಿರಿರಂಗನ ಬೆಟ್ಟಕ್ಕೆ ಹೋಗಿ ಬಂತು. ಲಾಸ್ಯ ಹೋಗಲಿಲ್ಲ.

"ಏನ್ರೀ, ಮಾತೇ ನಿಂತೋಯ್ತಲ್ಲ ನಿಮ್ದು" ಅಂದಳು ಪ್ರೇಮಲೀಲಾ ಒಂದು ದಿನ ರೊಟ್ಟಿ ಹಾಕುತ್ತಾ. ಅವಳು ಕಾವಲಿ ಇಳಿಸಿ, ಮೆಲ್ಲಗೆ ಹೇಳಿದಳು: "ಆವತ್ತು ತಟ್ಟೆಗೆ ಎಣ್ಣೆ ಹಾಕುವಾಗ ಬಟ್ಟೆ ಕೊಟ್ಟವಳು ನಾನೇ ಕಣ್ರೀ. ಬ್ರೇಕು ಹಿಡೀಲಿಲ್ಲ ಅಂತ ಕೇಳ್ದಾಗ್ಲೇ ತಿಳೀತು. ನಂಗೂ ಅನ್ನ ಸೇರ್ತಿಲ್ಲ."

ಇಷ್ಟು ದಿನ ಅವಳಿಗೂ ತಿಳಿದಿತ್ತು. ಒಬ್ಬರಿಂದೊಬ್ಬರು ಬಚ್ಚಿಟ್ಟುಕೊಂಡು ಒಂದೇ ಒಲೆಯ ಮುಂದೆ ಕೂತು ಉಂಡಿದ್ದರು.

ಡಿಸೆಂಬರಿನ ಒಂದು ಭಾನುವಾರ, ಸವಾರಿ ಮುಗಿಸಿ ಬಂದವರು ಕಾಫಿ ಕುಡಿಯುತ್ತಿದ್ದಾಗ ಲಾಸ್ಯ ನಡೆದುಕೊಂಡು ಬಂದಳು. ಗದ್ದದ ಮೇಲೆ ಗಾಯದ ಗೆರೆ. ಎಡಗೈಯನ್ನು ಇನ್ನೂ ಮೈಗೆ ಒತ್ತಿಕೊಂಡೇ ಇದ್ದಳು.

"ಬಂದ್ಲಪ್ಪ ಪೊದೆ ಹಾರೋಳು!" ಅಂದ ಒಬ್ಬ. ಅವಳು ನಕ್ಕ ಹಾಗೆ ಮಾಡಿ, ನೇರ ಮೃತ್ಯುಂಜಯನ ಮುಂದೆ ಕುಕ್ಕರುಗಾಲಲ್ಲಿ ಕೂತಳು.

"ಅಂಕಲ್, ನಂಗೆ ಬ್ರೇಕ್ ಹಿಡಿಯೋದು ಹೇಳ್ಕೊಡಿ. ನಾನು ಎರಡೂ ಸಮ ಹಿಡಿದೆ ಅಂತ್ಲೇ ಅನ್ಕೊಂಡಿದ್ದೆ. ಆದ್ರೆ ನೀವು ಹೇಳಿದ ಮೇಲೆ ನನ್ನ ಕೈ ಮೇಲೇ ನಂಬಿಕೆ ಇಲ್ಲ. ಸ್ಕೂಟರ್ ಮುಟ್ಟೋಕೂ ಭಯ. ಅಮ್ಮಂಗೆ ಸುಳ್ಳು ಹೇಳಿದ್ನೇನೋ ಅನ್ನಿಸ್ತಿದೆ. ನೀವು ಇಳಿದಿರೋ ಬೆಟ್ಟ ಅಲ್ವಾ, ಒಂದ್ಸಲ ನನ್ ಮುಂದೆ ಇಳಿದು ತೋರ್ಸಿ. ನೋಡಿ ಕಲೀತೀನಿ."

ಮೃತ್ಯುಂಜಯ ಎದ್ದ. ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ಹುಡುಗಿ ತನ್ನ ಕೈಯನ್ನು ನಂಬದೆ ಅವನ ಬಾಯಿಯನ್ನು ನಂಬಿದ್ದಳು. ಹಲಗೆಯ ಹಿಂದೆ ಕೈ ಹಾಕಿ ಡಬ್ಬಿ ತೆಗೆದ. ಮುಚ್ಚಳ ತೆಗೆದು ಅವಳ ಮುಂದೆ ಹಿಡಿದ.

"ನಾನು ಯಾವ ಬೆಟ್ಟಾನೂ ಇಳಿದಿಲ್ಲ ಕಣವ್ವ" ಅಂದ. ಬೆಂಚಿನ ಮೇಲೆ ಯಾರೋ ನಗಲು ಹೊರಟು ನಿಲ್ಲಿಸಿದರು. "ಬಸ್ಸಲ್ಲಿ ಇಳಿದಿದ್ದೀನಿ. ಇಲ್ಲಿ ನೋಡು. ನಿನ್ ಬ್ರೇಕಿನ ಬಿಲ್ಲೆ. ಕೆಂಪು ಕಾಣ್ತಿದ್ಯಾ? ಕುಂಕುಮ. ಡಿಸ್ಕಿಗೆ ಎಣ್ಣೆ ಹಾಕಿ ಉಜ್ಜಿದವ್ನು ನಾನು. ಗೊತ್ತಿರ್ಲಿಲ್ಲ. ನೀನು ಕೇಳ್ದೆ, ಗೊತ್ತು ಅಂದ್ಬುಟ್ಟೆ. ನೀನು ಸರಿಯಾಗೇ ಹಿಡಿದೆ. ನಿನ್ ಕೈ ತಪ್ಪು ಮಾಡ್ಲಿಲ್ಲ."

ಸಂಜಯ್ ಬಿಲ್ಲೆ ತಗೊಂಡು ಮೂಸಿ ನೋಡಿದ. ಕೊಬ್ಬರಿ ಎಣ್ಣೆಯ ಕನರು ವಾಸನೆ. "ಬೆಟ್ಟದ ಕೆಳಗೇ ಹೇಳಿದ್ಲು ಅಣ್ಣ ಇವಳು" ಅಂದ. "ನಾನೂ ಕೇಳ್ಲಿಲ್ಲ." ಆಮೇಲೆ ಯಾರ ಮುಖವನ್ನೂ ನೋಡಲಿಲ್ಲ.

ಲಾಸ್ಯ ತನ್ನ ಅಂಗೈಯನ್ನು ಮಗುಚಿ ನೋಡಿಕೊಂಡಳು. "ಆವತ್ತೇ ಗೊತ್ತಿತ್ತಾ ನಿಮ್ಗೆ?"

"ಗೊತ್ತಿತ್ತು. ನಿಮ್ಮಮ್ಮ ಕೇಳುವಾಗ ಇದು ನನ್ ಕೈಯಲ್ಲೇ ಇತ್ತು."

ಅವಳು ಎದ್ದಳು. ಅಳುತ್ತಾಳೆ ಅಂದುಕೊಂಡರು, ಅಳಲಿಲ್ಲ. "ನಂಗೆ ಹೇಳಿದ್ದು ಸಾಲ್ದು ಅಂಕಲ್. ಅಮ್ಮಂಗೆ ಬಂದು ಹೇಳಿ."

ಅವನು ಷರ್ಟು ಬದಲಿಸದೆ, ಎಣ್ಣೆ ಕೈಯಲ್ಲೇ, ರಾಮಕೃಷ್ಣನಗರಕ್ಕೆ ಸೈಕಲ್ ತುಳಿದ. ಸುಷ್ಮಾ ಬಾಗಿಲಲ್ಲೇ ನಿಲ್ಲಿಸಿ ಕೇಳಿಸಿಕೊಂಡಳು. ಕೂಗಾಡಲಿಲ್ಲ. "ಎರಡು ತಿಂಗಳು ಆ ಮಗೂನ ಸುಳ್ಳಿ ಅಂದಿದ್ದೀನಿ ನಾನು" ಅಂದಳು. "ಊಟಕ್ಕೆ ಕೂತಾಗ ಅಂದಿದ್ದೀನಿ, ನೆಂಟರ ಮುಂದೆ ಅಂದಿದ್ದೀನಿ. ಅದನ್ನ ನೀವು ಹೆಂಗೆ ವಾಪಸ್ ತಗೋತೀರಿ, ಹೇಳಿ." ಅವನು ಕೈ ಮುಗಿದ. ಅವಳು ಕೈ ಮುಗಿಯಲಿಲ್ಲ, ಬಾಗಿಲು ಹಾಕಿಕೊಂಡಳು.

ಮೂರು ವಾರ ಬೆಂಚು ಖಾಲಿ ಇತ್ತು. ನಾಲ್ಕನೆಯ ವಾರ ಸಂಜಯ್ ಹೊಸ ಬಿಲ್ಲೆ ತಂದು, ಚಪ್ಪಡಿ ಕಲ್ಲಿನ ಮೇಲೆ ಕೂತು, ಲಾಸ್ಯಳ ಸೈಕಲ್ಲಿನ ಡಿಸ್ಕ್ ಬ್ರೇಕು ಬಿಚ್ಚಿ ಕಟ್ಟುವುದನ್ನು ಮೃತ್ಯುಂಜಯನಿಗೆ ಹೇಳಿಕೊಟ್ಟ. ಮೃತ್ಯುಂಜಯ ಎರಡೆರಡು ಸಲ ಕೇಳಿ ಕಲಿತ. ಅಂದಿನಿಂದ ಗೊತ್ತಿಲ್ಲದ್ದಕ್ಕೆ "ಗೊತ್ತಿಲ್ಲ ಕಣಪ್ಪ" ಅನ್ನುವುದನ್ನೂ ಕಲಿತ.

ರಿಪೇರಿಯಾದ ಸೈಕಲ್ಲನ್ನು ಸಂಜಯನೇ ಲಾಸ್ಯಳ ಮನೆಗೆ ಮುಟ್ಟಿಸಿದ, ಸುಷ್ಮಾ ಗೇಟು ತೆಗೆದಳು. ಲಾಸ್ಯ ಯುಗಾದಿ ಕಳೆದ ಮೇಲೆ ಮತ್ತೆ ಸೈಕಲ್ ಹತ್ತಿದಳು. ಶಾಪಿಗೆ ಬರುತ್ತಿರಲಿಲ್ಲ. ಗಾಳಿ ಬೇರೆ ಕಡೆ ಹಾಕಿಸಿಕೊಳ್ಳುತ್ತಿದ್ದಳು.

ಮುಂದಿನ ಆಯುಧಪೂಜೆಯ ದಿನ ಬಂದಳು. ಸೈಕಲ್ಲನ್ನು ಉಳಿದವುಗಳ ಸಾಲಿನಲ್ಲಿ ನಿಲ್ಲಿಸಿದಳು. ಅವಳ ಸೈಕಲ್ಲಿನ ಎರಡು ತಟ್ಟೆಗೂ ಹಳೇ ದುಪಟ್ಟಾದ ತುಂಡು ಬಿಗಿಯಾಗಿ ಸುತ್ತಿ ಗಂಟು ಹಾಕಿತ್ತು. ಆ ವರ್ಷ ಗುಂಪಿನಲ್ಲಿ ಇನ್ನೂ ಮೂರು ಜನ ಅಂಥ ಸೈಕಲ್ ಕೊಂಡಿದ್ದರು. ಆ ಮೂರಕ್ಕೂ ಬಟ್ಟೆ ಸುತ್ತಿತ್ತು.

ಹೊಸದಾಗಿ ಸೇರಿದ್ದ ಅನು ಅನ್ನುವ ಹುಡುಗಿ ಅದನ್ನು ನೋಡಿ, ತಿಳಿಯದೆ ಕೇಳಿದಳು, "ಇದ್ಯಾಕೆ ಅಂಕಲ್, ಗಾಯಕ್ಕೆ ಕಟ್ಟಿದ ಹಾಗೆ ಬಟ್ಟೆ ಕಟ್ಟಿದ್ದಾರೆ?"

ಸಂಜಯ್ ಬೇರೆ ಕಡೆ ತಿರುಗಿದ. ಲಾಸ್ಯ ಮೃತ್ಯುಂಜಯನ ಮುಖವನ್ನೇ ನೋಡಿದಳು.

"ನಾನು ಎಣ್ಣೆ ಹಾಕ್ಬುಟ್ಟಿದ್ದೆ ಕಣಮ್ಮ ಒಂದ್ಸಲ" ಅಂದ ಮೃತ್ಯುಂಜಯ, ಎಲ್ಲರಿಗೂ ಕೇಳುವ ಹಾಗೆ. "ಆ ಮಗು ಬಿತ್ತು. ತಪ್ಪು ಅವಳದ್ದು ಅಂದೆ. ಅದಕ್ಕೇ ಕಟ್ಟಿರೋದು."

ಮೂರು ಬೆರಳಿಗೆ ವಿಭೂತಿ ತಗೊಂಡು, ಲಾಸ್ಯಳ ಸೈಕಲ್ಲಿನ ಹ್ಯಾಂಡಲಿಗೆ ಮಾತ್ರ ಎಳೆದ. ಮೂರನೆಯ ಗೆರೆ ಸೊಟ್ಟಗಾಯಿತು. ಲಾಸ್ಯ ನೋಡಿದಳು, ಅಳಿಸಲಿಲ್ಲ.