ಬಕೆಟ್ಟಿನ ತಳದ ಸುಣ್ಣ

ಅತ್ತಿಗೆ, ಆ ವರ್ಷ ಹುಳ ಸತ್ತದ್ದು ನಿಮ್ಮಿಂದಲ್ಲ — ನನ್ನಿಂದ. ಗೊತ್ತಿದ್ದೂ ಇಷ್ಟು ಕಾಲ ಬಾಯಿ ಬಿಡಲಿಲ್ಲ.

ಅಣ್ಣ ಮೊದಲ ಮೊಬೈಲ್ ಕೊಂಡ ವರ್ಷ ಅದು. ನೀವು ಮದುವೆಯಾಗಿ ಶಿಡ್ಲಘಟ್ಟದ ಪಕ್ಕದ ನಮ್ಮೂರಿಗೆ ಬಂದು ವರ್ಷವೂ ತುಂಬಿರಲಿಲ್ಲ. ರೇಷ್ಮೆಹುಳ ಸೊಪ್ಪು ಮೇಯುವ ಸದ್ದು ಕೇಳುತ್ತ ತಟ್ಟೆಗಳ ನಡುವೆಯೇ ತೂಕಡಿಸುತ್ತಿದ್ದಿರಿ, ನಿದ್ದೆಗಣ್ಣಲ್ಲೇ ನಗುತ್ತಿದ್ದಿರಿ. ಆ ಹುಳುಮನೆ ಈಗಲೂ ನನ್ನ ಕನಸಿಗೆ ಬರುತ್ತದೆ — ಹಿಪ್ಪುನೇರಳೆಯ ಹಸಿ ವಾಸನೆ, ಮಬ್ಬು ಬೆಳಕು, ಎಲ್ಲೋ ನಿಮ್ಮ ಬಳೆ...

ಪ್ರತಿ ಸಲ ಹೊಸ ಹುಳದ ಬೆಳೆ ಇಡುವ ಮುಂಚೆ ರೋಗ ಬರದಿರಲೆಂದು ಬ್ಲೀಚಿಂಗ್ ಪುಡಿ, ಸುಣ್ಣ ನೀರಿಗೆ ಕಲಸಿ ಹುಳುಮನೆ ತೊಳೆಯುತ್ತಿದ್ದೆವು. ಆ ಸಲ ಕಲಸುವ ಕೆಲಸ ನಾನೇ ಕೇಳಿ ಪಡೆದೆ. ಚಿಕ್ಕಬಳ್ಳಾಪುರದ ಕಾಲೇಜಿನಲ್ಲಿ, ಎಷ್ಟು ನೀರಿನಲ್ಲಿ ಎಷ್ಟು ಕರಗುತ್ತದೆ ಎಂಬ ಲೆಕ್ಕ ಆಗಷ್ಟೇ ಕಲಿತಿದ್ದೆನಲ್ಲ — ಕಾಲು ನೆಲದ ಮೇಲಿರಲಿಲ್ಲ. ಮೊದಲು ಒಂದು ಬಕೆಟ್ಟಿನಲ್ಲಿ ಕಲಸಿ, ತಳದಲ್ಲಿ ಬೆಳ್ಳಗೆ ಕೂತದ್ದನ್ನು ಒಣಗಿಸಿ ತೂಗಿದೆ. ಕರಗದ್ದು ದಂಡ ಎಂದುಕೊಂಡು ಮುಂದಿನ ಪ್ರತಿ ಬಕೆಟ್ಟಿನಲ್ಲೂ ಅಷ್ಟು ತೂಕದ ಬ್ಲೀಚಿಂಗ್ ಪುಡಿಯನ್ನೇ ಕಡಿಮೆ ಮಾಡಿದೆ. ತಳದಲ್ಲಿದ್ದದ್ದು ಬಹುಪಾಲು ಸುಣ್ಣ. ರೋಗ ಕೊಲ್ಲಬೇಕಾದ ಪುಡಿಯೇ ಅರ್ಧಕ್ಕಿಳಿದಿತ್ತು.

ಇದು ಹೊಳೆಯುವಷ್ಟರಲ್ಲಿ ಗೂಡು ಕಟ್ಟಬೇಕಾದ ಹುಳಗಳು ಊದಿಕೊಂಡು, ಹಾಲಿನಂಥ ರಸ ಸುರಿಸಿ ಸಾಯುತ್ತಿದ್ದವು. ಅಮ್ಮ ನೇರ ನಿಮ್ಮತ್ತ ತಿರುಗಿದರು.

“ಹೊರಗಾಗಿದ್ದಾಗ ಹುಳುಮನೆ ಒಳಕ್ಕೆ ಹೋಗಿದ್ಯೇನೇ? ನಿಜ ಹೇಳು.”

“ಇಲ್ಲ ಅತ್ತೆ, ದೇವ್ರಾಣೆ ಹೋಗಿಲ್ಲ. ನೀನಾದ್ರೂ ಹೇಳಮ್ಮ ಸುಮಾ...”

ನನ್ನ ಮುಖವನ್ನೇ ನೋಡುತ್ತಿದ್ದಿರಿ. ನಾನು — “ನಂಗೊತ್ತಿಲ್ಲಪ್ಪ” ಅಂದೆ. ಅಮ್ಮ ಬೈಯುತ್ತಾರೆ ಎಂಬ ಹೆದರಿಕೆಯೇ? ಅದಕ್ಕಿಂತ ಹೆಚ್ಚಾಗಿ, ಓದಿದವಳು ಎಂಬ ನನ್ನ ಜಂಬ. ಅದಕ್ಕೆ ನಿಮ್ಮನ್ನು ಬಲಿ ಕೊಟ್ಟೆ.

ಅಂದಿನಿಂದ ನೀವು ಸೊಪ್ಪು ತಂದು ಹೊಸಿಲಾಚೆಯೇ ಇಡತೊಡಗಿದಿರಿ. ಒಳಗೆ ಕಾಲಿಡಲಿಲ್ಲ.

ಮೊನ್ನೆ ಊರಿಗೆ ಬಂದಿದ್ದೆನಲ್ಲ, ಈಚೆಗಷ್ಟೇ ದೊಡ್ಡವಳಾದ ನಿಮ್ಮ ಮಗಳು ಹುಳುಮನೆಯತ್ತ ಹೊರಟಳು. ನೀವು ಅವಳ ಕೈ ಹಿಡಿದು ನಿಲ್ಲಿಸಿದಿರಿ. “ಬೇಡ ಕಣಮ್ಮ. ಹಿಂದೆ ನಾನು ಹೊರಗಾಗಿದ್ದಾಗ ಹಂಗೇ ಒಳಕ್ಕೆ ಹೋಗಿ ಒಂದು ಬೆಳೆನೇ ಹಾಳಾಯ್ತು.”

ನೀವು ಹೋಗಿರಲಿಲ್ಲ, ಅತ್ತಿಗೆ! ಹೋಗಿದ್ದೆ ಎಂದು ಈಗ ನೀವೇ ನಂಬಿಬಿಟ್ಟಿದ್ದೀರಿ.

ಕ್ಷಮಿಸಿ ಎನ್ನಲು ನನಗೆ ಮುಖವಿಲ್ಲ. ಭಾನುವಾರ ಬರುತ್ತೇನೆ. ಅಮ್ಮನ ಎದುರಿಗೇ, ನಿಮ್ಮ ಮಗಳಿಗೆ ಕೇಳುವಂತೆ, ಹೇಳುತ್ತೇನೆ.